ಹದಿಹರೆಯದ ಮಕ್ಕಳು ಮತ್ತು ಹೆತ್ತವರ ಹೊಣೆ

ಮಕ್ಕಳನ್ನು ಹೆತ್ತು ಸಾಕಿದರಷ್ಟೇ ಹೆತ್ತವರ ಹೊಣೆ ಮುಗಿಯುವುದಿಲ್ಲ. ಹದಿನಾಲ್ಕರಿಂದ ಹದಿನೆಂಟರ ವಯಸ್ಸು ಅತ್ಯಂತ ಸೂಕ್ಷ್ಮವಾದುದು. ಈ ವಯಸ್ಸಿನ ಮಕ್ಕಳನ್ನು ಕಾಡುವ ಅಪಾಯಗಳನ್ನು ಬೀದರ್ ಜಿಲ್ಲೆಯ ಮಂಠಾಳ ಭಾಗದ ಹಿನ್ನೆಲೆಯಲ್ಲಿ ನೋಡೋಣ.

ಮಂಠಾಳ ಬಸವಕಲ್ಯಾಣ ತಾಲೂಕಿನ ಒಂದು ಹೋಬಳಿ. ಮಹಾರಾಷ್ಟ್ರದ ಗಡಿ ಹತ್ತಿರದಲ್ಲೇ ಇದೆ. ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಮೂಲಕ ಹಾದುಹೋಗುತ್ತದೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಈ ಜಿಲ್ಲೆ ಸೇರಿದ್ದು, ಕರಾವಳಿಯ ಗುರುಗಳೂ ಧರ್ಮಭಗಿನಿಯರೂ ಅಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ.

ಮೊದಲನೆಯ ಅಪಾಯ ಹೆತ್ತವರ ಅನುಪಸ್ಥಿತಿ. ಈ ಭಾಗದ ಅನೇಕ ಕುಟುಂಬಗಳು ಕೂಲಿಗಾಗಿ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಯಲ್ಲಿ ಹೊರಡುತ್ತಾರೆ. ಶಾಲೆಯ ನಂಟು ಕಡಿದಾಗ ಉಳಿದ ಅಪಾಯಗಳು ಒಂದೊಂದಾಗಿ ಒಳಗೆ ಬರುತ್ತವೆ. ಕರಾವಳಿಯಲ್ಲಿ ತಂದೆ ಗಲ್ಫ್ ದೇಶದಲ್ಲಿರುವ ಮನೆಗಳ ಕಥೆಯೂ ಇದಕ್ಕಿಂತ ತೀರಾ ಬೇರೆಯಲ್ಲ.

ಎರಡನೆಯದು ಬಾಲ್ಯವಿವಾಹ. 'ನಾವು ಊರಲ್ಲಿ ಇರುವುದಿಲ್ಲ, ಮಗಳಿಗೆ ಕಾವಲು ಯಾರು?' ಎಂಬ ಭಯದಿಂದಲೇ ಎಷ್ಟೋ ಮದುವೆಗಳು ನಡೆಯುತ್ತವೆ. ಆದರೆ 2006ರ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಮದುವೆ ಮಾಡಿಸಿದ ಪಾಲಕರಿಗೂ ಶಿಕ್ಷೆ ಇದೆ. ಹೆಣ್ಣುಮಗಳಿಗೆ ನಿಜವಾದ ರಕ್ಷಣೆ ತಾಳಿಯಲ್ಲ, ಹಾಸ್ಟೆಲ್ ಸೀಟು ಮತ್ತು ಮುಂದುವರಿದ ಓದು.

ಮೂರನೆಯದು ಮಾದಕ ವಸ್ತು. 2020ರ ಸೆಪ್ಟೆಂಬರ್‌ನಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ಒಂದು ಕುರಿ ಸಾಕಣೆ ಕೇಂದ್ರದಲ್ಲಿ ಬೆಂಗಳೂರಿನ ಪೊಲೀಸರು 1,300 ಕಿಲೋಗೂ ಹೆಚ್ಚು ಗಾಂಜಾ ವಶಪಡಿಸಿಕೊಂಡರು. ಒಡಿಶಾದಿಂದ ತಂದ ಆ ಮಾಲನ್ನು ನೆಲದಡಿಯಲ್ಲಿ ಬಚ್ಚಿಡಲಾಗಿತ್ತು. ಇಂಥ ಜಾಲಕ್ಕೆ ಗಿರಾಕಿಗಳಷ್ಟೇ ಅಲ್ಲ, ಚೀಲ ಸಾಗಿಸುವ ಹುಡುಗರೂ ಬೇಕು. ಸುಲಭದ ಹಣವೆಂದು ಒಪ್ಪಿಕೊಂಡವನ ಚೀಲದಲ್ಲಿ 20 ಕಿಲೋಗಿಂತ ಹೆಚ್ಚು ಗಾಂಜಾ ಇದ್ದರೆ, ವಯಸ್ಕನಿಗೆ ಕನಿಷ್ಠ 10 ವರ್ಷ ಜೈಲು.

ನಾಲ್ಕನೆಯದು ಮೊಬೈಲ್. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೂ ಕಳ್ಳದಾರಿಯಲ್ಲಿ ಬರುವ ಆಟಗಳ ಬಗ್ಗೆ ಎಚ್ಚರವಿರಲಿ. ಮೊದಲು ಸ್ವಲ್ಪ ಗೆಲುವು, ನಂತರ ಸೋಲು, ಸೋತದ್ದನ್ನು ಮರಳಿ ಪಡೆಯಲು ಸಾಲ, ಸಾಲವನ್ನು ಮುಚ್ಚಿಡಲು ಸುಳ್ಳು. ಜೀವಕ್ಕೆ ಅಪಾಯ ತರುವುದು ಸೋತ ಹಣಕ್ಕಿಂತ ಹೆಚ್ಚಾಗಿ ಮನೆಯವರಿಗೆ ಹೇಳಲಾಗದ ಆ ಭಯವೇ.

ಐದನೆಯದು ಬೈಕ್. ಅಪ್ರಾಪ್ತ ಮಗನ ಕೈಗೆ ಕೀಲಿ ಕೊಟ್ಟು ಅಪರಾಧ ನಡೆದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ಹಾಗಾದರೆ ಹೆತ್ತವರು ಏನು ಮಾಡಬೇಕು? ಮೊದಲು ಕೇಳಿಸಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪ ಎಲ್ಲ ಕಾಯಕದವರಿಗೂ ಮಾತನಾಡುವ ಜಾಗ ಕೊಟ್ಟಿತು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಂಥ ಜಾಗ ಇದೆಯೇ? ದಿನಕ್ಕೊಮ್ಮೆಯಾದರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿ. ಮಗನ ಗೆಳೆಯರ ಹೆಸರು ತಿಳಿದಿರಲಿ. ರಾತ್ರಿ ಮೊಬೈಲ್ ಹೆತ್ತವರ ಕೋಣೆಯಲ್ಲಿರಲಿ. ತಂದೆಯ ಮೊಬೈಲ್‌ಗೂ ಅದೇ ನಿಯಮ ಇರಲಿ. ಗುಳೆ ಹೋಗುವವರು ಶಿಕ್ಷಕರ ನಂಬರ್ ಇಟ್ಟುಕೊಂಡು ವಾರಕ್ಕೊಮ್ಮೆ ವಿಚಾರಿಸಲಿ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಮರುಪರೀಕ್ಷೆ ಇದೆ ಎಂದು ಫಲಿತಾಂಶಕ್ಕೆ ಮೊದಲೇ ಹೇಳಿ.

ತಪ್ಪು ಗೊತ್ತಾದ ದಿನ ಹೊಡೆಯಬೇಡಿ. ಹೊಡೆತ ತಿಂದವನು ಮುಂದಿನ ಬಾರಿ ತಪ್ಪನ್ನು ಇನ್ನಷ್ಟು ಆಳದಲ್ಲಿ ಮುಚ್ಚಿಡುತ್ತಾನೆ.

ಸಹಾಯವಾಣಿಗಳು ಇವೆ: ಮಕ್ಕಳಿಗಾಗಿ 1098, ಮಾನಸಿಕ ಆರೋಗ್ಯಕ್ಕೆ 14416, ಸೈಬರ್ ವಂಚನೆಗೆ 1930. ಧರ್ಮಕೇಂದ್ರದ ಕಾರ್ಯಕರ್ತರು ಮನೆ ಭೇಟಿಗೆ ಹೋದಾಗ ಈ ಸಂಖ್ಯೆಗಳನ್ನು ಬರೆದುಕೊಡಲಿ. ಶಾಲೆ ಬಿಟ್ಟ ಮಗು ಇದೆಯೇ ಎಂದು ತಪ್ಪದೆ ಕೇಳಲಿ. ಮಕ್ಕಳಿಗೆ ನಾವು ಕೊಡಬಹುದಾದ ದೊಡ್ಡ ಆಸ್ತಿ ಎಂದರೆ, ಎಂಥ ತಪ್ಪು ಮಾಡಿದರೂ ಮನೆಗೆ ಬಂದು ಹೇಳಬಹುದು ಎಂಬ ಧೈರ್ಯ.