ಉಡುತಡಿಯಲ್ಲೊಂದು ಕಾಪಿ ಕ್ಲಾಸು

ಒಣಹಾಕಿದ ಮೆಕ್ಕೆಜೋಳವನ್ನು ತಪ್ಪಿಸಿಕೊಂಡು ಶಿರಾಳಕೊಪ್ಪದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುತ್ತದೆ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಒಂದೊಂದು ಕಂಪ್ಯೂಟರಿನ ಮುಂದೆ ಮೂರು ಮೂರು ತಲೆ. ಮೌಸ್ ಮಾತ್ರ ಜೋರಿನವನ ಕೈಯಲ್ಲಿ. ಉಡುತಡಿಯ ಸುತ್ತಮುತ್ತಲ ಹಳ್ಳಿಗಳ ಮಕ್ಕಳು. ಇವತ್ತಿನ ಪಾಠ, ವೆಬ್ ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್. ‘ನಮ್ಮೂರು’ ಅಂತ ಒಂದು ಪುಟ ಮಾಡಬೇಕು. ಆದರೆ ಯಾರೂ ಬರೆಯುತ್ತಿಲ್ಲ, ಎಲ್ಲರೂ ಕಾಪಿಗೆ ಮಾದರಿ ಹುಡುಕುತ್ತಿದ್ದಾರೆ.

ಹುಡುಕುವ ಜಾಗಗಳೂ ಗೊತ್ತಿದ್ದವೇ. ಡಬ್ಲ್ಯೂ ತ್ರೀ ಸ್ಕೂಲ್ಸ್ ಜಾಲತಾಣ ಒಂದು, ಸೀನಿಯರುಗಳ ಪೆನ್‌ಡ್ರೈವ್ ಇನ್ನೊಂದು. ಪೆನ್‌ಡ್ರೈವಿನಲ್ಲಿ ದ್ವಿತೀಯ ಪಿಯುಸಿಯವರು ಸಿ ಪ್ಲಸ್ ಪ್ಲಸ್ ಪಾಠವಿದ್ದ ಕಾಲದಲ್ಲಿ ಮಾಡುತ್ತಿದ್ದ ಟೈಮ್‌ಟೇಬಲ್ ಪುಟ ಈಗಲೂ ಸಿಗುತ್ತದೆ. ಸೋಮವಾರ ಮೊದಲ ಪೀರಿಯಡ್ಡು ಫಿಸಿಕ್ಸು, ಬ್ಯಾಚು ಬದಲಾದರೂ ಅದು ಬದಲಾಗಿಲ್ಲ. ಒಬ್ಬ ಧೈರ್ಯಸ್ಥ ದೊಡ್ಡದೊಂದು ನ್ಯೂಸ್ ವೆಬ್‌ಸೈಟಿಗೆ ಹೋಗಿ, ಅದರ ಸೋರ್ಸ್ ನೋಡಲು ಕಂಟ್ರೋಲ್ ಯು ಒತ್ತಿದ. ಮೇಲಿಂದ ಕೆಳಗೆ ಇಳಿದಷ್ಟೂ ಮುಗಿಯದ ಸಾಲುಗಳು. ನೋಡಿ ಸುಮ್ಮನೆ ಮುಚ್ಚಿದ.

“ಸರ್, ನಂದು ಬರ್ತಿಲ್ಲ.”

“ಏನ್ ಹೆಸರಲ್ಲಿ ಸೇವ್ ಮಾಡ್ದೆ?”

“ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್, ಸರ್.”

ಆ ಹೆಸರಿನ ಬಾಲಕ್ಕೆ ನೋಟ್‌ಪ್ಯಾಡ್ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಅಂಟಿಸಿತ್ತು. ಸೆಟ್ಟಿಂಗ್ ಬದಲಿಸದ ಹೊರತು ವಿಂಡೋಸ್ ಅದನ್ನು ತೋರಿಸುವುದೇ ಇಲ್ಲ. ಪಕ್ಕದ ಹುಡುಗಿಯದು ಬೇರೆ ತಾಪತ್ರಯ: ಕೋಡು ವಾಟ್ಸಾಪಿನಲ್ಲಿ ಬಂದದ್ದು, ಫೋಟೊ ಮೂಡುತ್ತಿಲ್ಲ. ಮೇಷ್ಟ್ರು ಬಗ್ಗಿ ನೋಡಿದರು. ಫೈಲಿನ ಹೆಸರಿನ ಆಚೀಚೆ ನೆಟ್ಟಗಿರಬೇಕಾದ ಉದ್ಧರಣ ಚಿಹ್ನೆಗಳು ಡೊಂಕಾಗಿ ಕೂತಿವೆ. ಬ್ರೌಸರಿಗೆ ಆ ಡೊಂಕು ಕೂಡ ಫೈಲಿನ ಹೆಸರಿನ ಭಾಗವೇ. ಎರಡನ್ನೂ ಅಳಿಸಿ ಕೀಲಿಮಣೆಯಿಂದ ಹೊಡೆದದ್ದೇ ತಡ, ಚಿತ್ರ ಬಂತು. ಈ ಐದು ನಿಮಿಷದಲ್ಲಿ ಅವಳು ಕಲಿತದ್ದನ್ನು ಇಡೀ ಫೈಲನ್ನು ಅಂಟಿಸಿದಾಗ ಕಲಿತಿರಲಿಲ್ಲ.

ಕಾಪಿ ಅಂದರೆ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1991ರಲ್ಲಿ ಸರ್ನ್ ಪ್ರಯೋಗಾಲಯದಿಂದ ವೆಬ್ಬು ಹೊರಬಿದ್ದ ಮೇಲೆ ಎಷ್ಟೋ ಜನ ಕಲಿತದ್ದೇ ಇನ್ನೊಬ್ಬರ ಪುಟದ ಸೋರ್ಸ್ ತೆರೆದು ನೋಡಿ. ಈ ಸೀಮೆಗಂತೂ ಪ್ರತಿ ಎತ್ತುವುದು ಹಳೆಯ ವಿದ್ಯೆ. ಹತ್ತಿರದ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳೆಲ್ಲ ನಡೆಯುತ್ತಿದ್ದವೆಂದು ಕೊಂಡಾಡುತ್ತದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓದು ಅಂದಮೇಲೆ ಪ್ರತಿ ಮಾಡುವ ಕೈಯೂ ಬೇಕಲ್ಲ! ಉಡುತಡಿಯ ಅಕ್ಕಮಹಾದೇವಿಯ ವಚನಗಳು ಉಳಿದದ್ದೂ ಓಲೆಯಿಂದ ಓಲೆಗೆ ಯಾರೋ ಇಳಿಸಿಕೊಂಡಿದ್ದರಿಂದ. ಅಂಥ ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಈಗ ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟು ವಚನ ಹುಡುಕಬಹುದು.

ಓಲೆ ಬರೆಯುವವನು ಒಂದೊಂದು ಅಕ್ಷರವನ್ನೂ ಕಬ್ಬಿಣದ ಕಂಟದಿಂದ ಕೊರೆಯಬೇಕಿತ್ತು. ಕಂಟ್ರೋಲ್ ಸಿ ಒತ್ತುವವನಿಗೆ ಆ ಹಂಗಿಲ್ಲ. ಅದಕ್ಕೇ ಹಿಂದಿನ ಬೆಂಚಿನವನ ಪುಟದ ನೆತ್ತಿಯ ಮೇಲೆ ಇನ್ನೂ ‘ಮೈ ಫಸ್ಟ್ ವೆಬ್ ಪೇಜ್’ ಅಂತಲೇ ಇದೆ, ಕೆಳಗೆ ಯಾವುದೋ ದೇಶದ ಬೆಟ್ಟದ ಚಿತ್ರ. ಮೇಷ್ಟ್ರು ಟೈಟಲ್ ಟ್ಯಾಗ್ ತೋರಿಸಿ, “ಊರ ಹೆಸರು ಹಾಕೋ” ಅಂದರು. ಹುಡುಗ ‘ಉಡುತಡಿ’ ಅಂತ ಕನ್ನಡದಲ್ಲೇ ಟೈಪಿಸಿದ. ಸೇವ್ ಮಾಡಿ ಮತ್ತೆ ತೆರೆದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು! ಹಳೆಯ ನೋಟ್‌ಪ್ಯಾಡ್, ತಾನಾಗೇ ಕನ್ನಡ ತಿಳಿಯದ ಆನ್ಸಿಯಲ್ಲಿ ಉಳಿಸುವ ಜಾತಿಯದು. ಮತ್ತೆ ಟೈಪಿಸಿ, ಸೇವ್ ಆ್ಯಸ್‌ಗೆ ಹೋಗಿ, ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ಆರಿಸಿದ ಮೇಲೆ ಊರು ಊರಾಗಿ ಕಂಡಿತು. ಮೂರೂ ತಲೆಗಳು ಪರದೆಗೆ ತಾಗುವಷ್ಟು ಮುಂದೆ ಬಾಗಿದವು.

ಇಂಗ್ಲಿಷ್ ಮಾದರಿಗಳನ್ನು ಇಳಿಸಿಕೊಳ್ಳುವವರಿಗೆ ಈ ತೊಡಕು ಎದುರಾಗುವುದೇ ಇಲ್ಲ, ಹಾಗಾಗಿ ಪರಿಹಾರವೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ಮೇಷ್ಟ್ರುಗಳೇ, ನಿಮ್ಮ ಪೆನ್‌ಡ್ರೈವಿನಲ್ಲಿ ಕನ್ನಡದ್ದೊಂದು ಮಾದರಿ ಫೈಲು ಇಟ್ಟುಕೊಳ್ಳಿ. ಇಪ್ಪತ್ತು ಸಾಲು ಸಾಕು. ಅದನ್ನು ಯುಟಿಎಫ್-8ರಲ್ಲೇ ಉಳಿಸಿ, ಬ್ರೌಸರಿಗೆ ಹಾಗೆಂದು ಹೇಳುವ ಮೆಟಾ ಟ್ಯಾಗಿನ ಸಾಲು ಮಾತ್ರ ಬಿಡಬೇಡಿ. ಮಕ್ಕಳು ಹೇಗೂ ಕಾಪಿ ಮಾಡುತ್ತಾರೆ, ನಿಮ್ಮದನ್ನೇ ಮಾಡಲಿ.