ಮುಟ್ಟಿದರೆ ಮುನಿಯುವುದು ಒಂದೇ ಗಿಡವಲ್ಲ

ಕಾಲುವೆಯ ಏರಿ, ತೋಟದ ಬದು, ಹಳೆಯ ಬಾವಿಯ ಸುತ್ತಲಿನ ತೇವದ ನೆಲ. ಇಂಥ ಜಾಗಗಳಲ್ಲಿ ನಸುಗೆಂಪು ಚೆಂಡಿನಂಥ ಪುಟ್ಟ ಹೂ ಬಿಟ್ಟುಕೊಂಡು ನೆಲದ ಮೇಲೆ ಹಬ್ಬುವ ಮುಳ್ಳುಗಿಡವೊಂದನ್ನು ಶಾಲೆಗೆ ಹೋಗುವ ಮಕ್ಕಳೆಲ್ಲ ಬಲ್ಲರು. ಬೆರಳು ತಾಗಿಸಿದರೆ ಸಾಕು, ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಸ್ವಲ್ಪ ಜೋರಾಗಿ ತಟ್ಟಿದರೆ ತೊಟ್ಟೇ ಜೋತು ಬೀಳುತ್ತದೆ. ಅದಕ್ಕೇ ಅದಕ್ಕೆ ಮುಟ್ಟಿದರೆ ಮುನಿ ಎಂದು ಹೆಸರು. ನಾಚಿಕೆ ಮುಳ್ಳು ಎಂದು ಕರೆಯುವುದೂ ಉಂಟು.

ಹಾಗಾದರೆ ಹೊಸಪೇಟೆ, ಕಂಪ್ಲಿ ಭಾಗದ ಕಾಲುವೆಗಳ ಪಕ್ಕದಲ್ಲೇ ಬೆಳೆಯುವ ಬಾಳೆ, ಕಬ್ಬು, ಭತ್ತ, ಮೆಣಸಿನಕಾಯಿ ಗಿಡಗಳಿಗೆ ಮುಟ್ಟಿದ್ದು ತಿಳಿಯುವುದೇ ಇಲ್ಲವೆ? ತಿಳಿಯುತ್ತದೆ ಎನ್ನುತ್ತದೆ ಸಸ್ಯವಿಜ್ಞಾನ. ಮುಟ್ಟಿದರೆ ಮುನಿ ತನ್ನ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ. ಉಳಿದ ಅನೇಕ ಗಿಡಗಳು ವಾರಗಟ್ಟಲೆ ಸಮಯ ತೆಗೆದುಕೊಂಡು, ತಮ್ಮ ಮೈಕಟ್ಟನ್ನೇ ಬದಲಿಸಿಕೊಂಡು ಉತ್ತರ ಕೊಡುತ್ತವೆ. ಈ ನಿಧಾನದ ಉತ್ತರವನ್ನು ಅರಿತರೆ, ಜೋಪಾನವಾಗಿ ಬೆಳೆಸಿದ ಸಸಿ ಹೊಲಕ್ಕೆ ಹೋದೊಡನೆ ಏಕೆ ಬಾಗಿ ಬೀಳುತ್ತದೆ ಎಂಬುದಕ್ಕೂ ಒಂದು ಕಾರಣ ಸಿಗುತ್ತದೆ.

ನೀರಿನ ಆಟ

ಮೊದಲು ವೇಗದ ಉತ್ತರವನ್ನೇ ನೋಡೋಣ. ಮುಟ್ಟಿದರೆ ಮುನಿ ಮೂಲತಃ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು. ಅದರ ಎಲೆತೊಟ್ಟಿನ ಬುಡದಲ್ಲಿಯೂ ಪ್ರತಿ ಕಿರುಎಲೆಯ ಬುಡದಲ್ಲಿಯೂ ಸಣ್ಣ ಉಬ್ಬು ಇರುತ್ತದೆ. ಇದಕ್ಕೆ ಪಲ್ವೈನಸ್ ಎಂದು ಹೆಸರು. ಇದರ ಜೀವಕೋಶಗಳು ನೀರು ತುಂಬಿಕೊಂಡು ಬಿಗಿಯಾಗಿರುವವರೆಗೆ ಎಲೆ ಬಿಚ್ಚಿಕೊಂಡಿರುತ್ತದೆ. ಮುಟ್ಟಿದೊಡನೆ ಒಂದು ವಿದ್ಯುತ್ ಸಂಕೇತ ಹೊರಟು ಈ ಉಬ್ಬನ್ನು ತಲುಪುತ್ತದೆ. ಆಗ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಮೊದಲಾದ ಲವಣಾಂಶ ಹೊರಬೀಳುತ್ತದೆ. ಅದರ ಬೆನ್ನಿಗೇ ನೀರೂ ಹೊರಹೋಗುತ್ತದೆ. ಗಾಳಿ ಬಿಟ್ಟ ಸೈಕಲ್ ಟ್ಯೂಬಿನಂತೆ ಆ ಬದಿ ಸಡಿಲಗೊಂಡು ಎಲೆ ಮಡಚಿಕೊಳ್ಳುತ್ತದೆ. ಹತ್ತಿಪ್ಪತ್ತು ನಿಮಿಷಗಳಲ್ಲಿ ನೀರು ಮರಳಿ ತುಂಬಿ ಎಲೆ ಮೊದಲಿನಂತಾಗುತ್ತದೆ.

ಸಸ್ಯಗಳಲ್ಲಿ ಇಂಥ ವಿದ್ಯುತ್ ಸಂಕೇತಗಳನ್ನು ಅಳೆದು ಜಗತ್ತಿನ ಗಮನ ಸೆಳೆದವರಲ್ಲಿ ನಮ್ಮ ದೇಶದ ಜಗದೀಶ್ ಚಂದ್ರ ಬೋಸ್ (1858-1937) ಪ್ರಮುಖರು. 1917ರಲ್ಲಿ ಕಲ್ಕತ್ತೆಯಲ್ಲಿ ಅವರು ಸ್ಥಾಪಿಸಿದ ಬೋಸ್ ಸಂಸ್ಥೆ ಇಂದಿಗೂ ಇದೆ. ಮುಟ್ಟಿದರೆ ಮುನಿ ಅವರ ಅಚ್ಚುಮೆಚ್ಚಿನ ಪ್ರಯೋಗದ ಗಿಡವಾಗಿತ್ತು. ಕಣ್ಣಿಗೆ ಕಾಣದಷ್ಟು ನಿಧಾನವಾದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಉಪಕರಣವನ್ನೂ ಅವರು ರೂಪಿಸಿದರು. ಗಿಡವನ್ನು ಒರಟಾಗಿ ಉಜ್ಜಿದಾಗ ಅದರ ಬೆಳವಣಿಗೆ ಕೆಲಕಾಲ ಕುಗ್ಗುವುದನ್ನು ಅವರು ಅದರಲ್ಲಿ ಕಂಡಿದ್ದರು.

ಇಷ್ಟೆಲ್ಲ ಶ್ರಮಪಟ್ಟು ಮುನಿಯುವುದರಿಂದ ಗಿಡಕ್ಕೇನು ಲಾಭ? ಜಪಾನಿನ ಸೈತಾಮ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಂಗಡಿಗರೊಡನೆ 2022ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಎಲೆ ಮಡಚಲಾರದಂತೆ ಮಾರ್ಪಡಿಸಿದ ಗಿಡಗಳನ್ನು ಮಿಡತೆಗಳು ಸಾಮಾನ್ಯ ಗಿಡಗಳಿಗಿಂತ ಹೆಚ್ಚಾಗಿ ಮೇಯ್ದವು. ಅಂದರೆ ನಾಚಿಕೆ ಎಂದು ನಾವು ಕರೆದದ್ದು ವಾಸ್ತವವಾಗಿ ಗಿಡದ ಆತ್ಮರಕ್ಷಣೆ!

ಆಸರೆ ಹುಡುಕುವ ಬಳ್ಳಿ

ಮುಟ್ಟಿದರೆ ಮುನಿಯಷ್ಟು ಚುರುಕಲ್ಲದಿದ್ದರೂ ಕಣ್ಣೆದುರೇ ಸ್ಪರ್ಶಕ್ಕೆ ಓಗೊಡುವ ಗಿಡಗಳು ಮನೆಯ ಹಿತ್ತಲಿನಲ್ಲೇ ಇವೆ. ಹಂದರಕ್ಕೆ ಹಬ್ಬಿಸಿದ ಹೀರೆ, ಹಾಗಲ, ಸೌತೆಯ ಬಳ್ಳಿಗಳನ್ನು ಗಮನಿಸಿ. ಅವುಗಳ ದಾರದಂಥ ಕುಡಿಬಳ್ಳಿ ಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತಾ ಏನನ್ನೋ ಹುಡುಕುತ್ತಿರುತ್ತದೆ. ಕಡ್ಡಿಯೊಂದು ತಾಗಿತೆನ್ನಿ, ತಾಗಿದ ಬದಿಗಿಂತ ಅದರ ಎದುರು ಬದಿ ಬೇಗ ಉದ್ದವಾಗಿ ಕುಡಿ ಬಾಗುತ್ತದೆ, ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗಿನಂತೆ ಸುರುಳಿಗೊಂಡು ಬಳ್ಳಿಯನ್ನೇ ಆಸರೆಯತ್ತ ಎಳೆದುಕೊಳ್ಳುತ್ತದೆ. ಗಾಳಿ ಬೀಸಿದಾಗ ಬಳ್ಳಿ ಹರಿಯದಂತೆ ಕಾಯುವುದೂ ಈ ಸ್ಪ್ರಿಂಗೇ.

ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಸಸ್ಯಗಳ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದ. ಅತಿ ಹಗುರವಾದ ದಾರ ತಾಗಿದರೂ ಬಾಗುವ ಕುಡಿ, ಮಳೆಹನಿಯಂತೆ ನೀರು ಬಿದ್ದರೆ ಬಾಗುವುದಿಲ್ಲ ಎಂಬುದು ಅವನ ಕುತೂಹಲಕಾರಿ ಗಮನಿಕೆ. ಮಳೆ ಬಂದಾಗಲೆಲ್ಲ ಸುರುಳಿ ಸುತ್ತಿಕೊಂಡರೆ ಬಳ್ಳಿಯ ಶ್ರಮ ವ್ಯರ್ಥವಲ್ಲವೆ? ಗಿಡಕ್ಕೆ ಸ್ಪರ್ಶ ತಿಳಿಯುವುದಷ್ಟೇ ಅಲ್ಲ, ಒಂದು ಬಗೆಯ ಸ್ಪರ್ಶಕ್ಕೂ ಇನ್ನೊಂದು ಬಗೆಯ ಸ್ಪರ್ಶಕ್ಕೂ ಇರುವ ವ್ಯತ್ಯಾಸವೂ ತಿಳಿಯುತ್ತದೆ!

ನೆಲದೊಳಗಿನ ಬೇರೂ ಹೀಗೆಯೇ. ಕಲ್ಲು ಅಡ್ಡ ಬಂದರೆ ಬೇರಿನ ತುದಿ ಅದನ್ನು ಒತ್ತಿ ನೋಡಿ, ಪಕ್ಕಕ್ಕೆ ಬಾಗಿ, ಅದರ ಮೈಗುಂಟ ಜಾರುತ್ತಾ ದಾರಿ ಹುಡುಕುತ್ತದೆ. ಹಂಪಿಯಲ್ಲಿ ಹೇಮಕೂಟ, ಮಾತಂಗ ಪರ್ವತಗಳ ಬಂಡೆಗಳ ನಡುವೆ ಗಿಡಮರಗಳು ಬೇರೂರಿರುವುದು ಇಂಥ ಹುಡುಕಾಟದಿಂದಲೇ. ಹಕ್ಕಿ ಬೀಳಿಸಿದ ಅರಳಿ ಬೀಜವೊಂದು ಹಳೆಯ ಗೋಡೆಯ ಸಂದಿನಲ್ಲಿ ಮೊಳೆತರೆ, ಬೇರು ಬಿರುಕನ್ನೇ ಹಿಡಿದು ಇಳಿದು, ದಪ್ಪವಾಗುತ್ತಾ ಕಲ್ಲನ್ನೇ ಸರಿಸುತ್ತದೆ. ಸ್ಮಾರಕಗಳ ಮೇಲಿನ ಇಂಥ ಸಸಿಗಳನ್ನು ಎಳೆಯದರಲ್ಲೇ ಕೀಳಬೇಕಾದದ್ದು ಇದಕ್ಕಾಗಿಯೇ.

ಕಟ್ಟಿಹಾಕಿದ ಸೇಬಿನ ಗಿಡ

ಇನ್ನು ನಿಧಾನದ ಉತ್ತರಕ್ಕೆ ಬರೋಣ. ಇಂಗ್ಲೆಂಡಿನ ತೋಟಗಾರಿಕಾ ತಜ್ಞ ಥಾಮಸ್ ನೈಟ್ 1803ರಲ್ಲಿ ಒಂದು ಸರಳ ಪ್ರಯೋಗವನ್ನು ವರದಿ ಮಾಡಿದ. ಎಳೆಯ ಸೇಬಿನ ಗಿಡಗಳಲ್ಲಿ ಕೆಲವನ್ನು ಅಲುಗಾಡದಂತೆ ಗೂಟಕ್ಕೆ ಕಟ್ಟಿದ. ಕೆಲವನ್ನು ಗಾಳಿಗೆ ತೂಗಲು ಬಿಟ್ಟ. ತೂಗಿದ ಗಿಡಗಳ ಕಾಂಡ ದಪ್ಪವಾಯಿತು. ಕಟ್ಟಿದವು ತೆಳ್ಳಗೆ ಉಳಿದವು. ಒಂದು ಗಿಡವನ್ನು ಉತ್ತರ-ದಕ್ಷಿಣವಾಗಿ ಮಾತ್ರ ತೂಗುವಂತೆ ಬಿಟ್ಟಿದ್ದ. ಅದರ ಕಾಂಡ ಗುಂಡಗೆ ಬೆಳೆಯಲೇ ಇಲ್ಲ. ಉತ್ತರ-ದಕ್ಷಿಣದ ಅಳತೆ 13 ಪಾಲಾದರೆ ಪೂರ್ವ-ಪಶ್ಚಿಮದ ಅಳತೆ 11 ಪಾಲು! ಎಲ್ಲಿ ಬಾಗಬೇಕಾಯಿತೋ ಅಲ್ಲೇ ಮರ ತನ್ನನ್ನು ಗಟ್ಟಿ ಮಾಡಿಕೊಂಡಿತ್ತು.

ಇದಕ್ಕೆ ಗಾಳಿಯೇ ಬೇಕೆಂದಿಲ್ಲ, ಬೆರಳಾದರೂ ಸಾಕು ಎಂಬುದನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಮಾರ್ಕ್ ಜಾಫ್. ಬೀನ್ಸ್, ಸೌತೆ, ಔಡಲ, ಬಾರ್ಲಿ ಮುಂತಾದ ಗಿಡಗಳ ಕಾಂಡವನ್ನು ಅವರು ದಿನವೂ ಮೃದುವಾಗಿ ಉಜ್ಜಿದರು. ಉಜ್ಜಿದ ಗಿಡಗಳು ಉದ್ದಕ್ಕೆ ಬೆಳೆಯುವುದನ್ನು ಕಡಿಮೆ ಮಾಡಿದವು. ಕೆಲವು ಜಾತಿಗಳಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. 1973ರಲ್ಲಿ ಅವರು ಇದಕ್ಕೆ ಥಿಗ್ಮೋಮಾರ್ಫೋಜೆನಿಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಥಿಗ್ಮ ಎಂದರೆ ಸ್ಪರ್ಶ. ಸ್ಪರ್ಶದಿಂದ ಆಕಾರ ಮಾರ್ಪಡುವುದು ಎಂಬುದು ಈ ಉದ್ದ ಹೆಸರಿನ ಸರಳ ಅರ್ಥ.

ವಿಜ್ಞಾನಕ್ಕೆ ಹೊಸದಾದದ್ದು ರೈತರಿಗೆ ಹಳೆಯದಾಗಿರುವುದುಂಟು. ಜಪಾನಿನ ರೈತರು ಚಳಿಗಾಲದಲ್ಲಿ ಗೋಧಿ, ಬಾರ್ಲಿಯ ಎಳೆ ಪೈರಿನ ಮೇಲೆ ಕಾಲಿಟ್ಟು ತುಳಿದುಕೊಂಡು ಹೋಗುವ ಪದ್ಧತಿಯನ್ನು ಬಹುಕಾಲದಿಂದ ಬಲ್ಲರು. ತುಳಿಸಿಕೊಂಡ ಪೈರು ಹೆಚ್ಚು ತೆಂಡೆಯೊಡೆದು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅವರ ಅನುಭವ.

ನೀರು ಚಿಮುಕಿಸಿದಾಗ

ಗಿಡದೊಳಗೆ ನಡೆಯುವುದೇನು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಇದರ ಸುಳಿವನ್ನು ಕಂಡದ್ದು ಬೇರೇನನ್ನೋ ಹುಡುಕುವಾಗ. ಸಾಸಿವೆ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಹಾರ್ಮೋನು ಸಿಂಪಡಿಸಿದರೆ ಯಾವ ಜೀನ್‌ಗಳು ಚುರುಕಾಗುತ್ತವೆ ಎಂದು ಅವರು ನೋಡುತ್ತಿದ್ದರು. ಹೋಲಿಕೆಗೆಂದು ಬರೀ ನೀರು ಸಿಂಪಡಿಸಿದ ಗಿಡಗಳಲ್ಲೂ ಅವೇ ಜೀನ್‌ಗಳು ಚುರುಕಾದವು! ಕಾರಣ ಹಾರ್ಮೋನಲ್ಲ, ಹನಿಗಳ ಸ್ಪರ್ಶ. ಗಾಳಿ ಬೀಸಿದರೂ, ಕೈಯಿಂದ ಮುಟ್ಟಿದರೂ ಅರ್ಧ ಗಂಟೆಯೊಳಗೆ ಅದೇ ಫಲ. 1990ರಲ್ಲಿ ಪ್ರಕಟವಾದ ಈ ಜೀನ್‌ಗಳಿಗೆ 'ಟಚ್' ಜೀನ್‌ಗಳೆಂದೇ ಹೆಸರಾಯಿತು. ಇವುಗಳಲ್ಲೊಂದು, ಕ್ಯಾಲ್ಸಿಯಂ ಏರಿಳಿತವನ್ನು ಗುರುತಿಸುವ ಪ್ರೋಟೀನಿನದು. ಮುಟ್ಟಿದಾಗ ಕೋಶದೊಳಗೆ ಕ್ಯಾಲ್ಸಿಯಂ ಥಟ್ಟನೆ ಏರುತ್ತದೆ. ಆ ಏರಿಕೆಯೇ ಗಿಡದ ಕರೆಗಂಟೆ.

ಆದರೆ ಈ ಉತ್ತರಕ್ಕೆ ಬೆಲೆಯೂ ಉಂಟು. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಅರಾಬಿಡಾಪ್ಸಿಸ್ ಗಿಡವನ್ನು ಪದೇ ಪದೇ ಮುಟ್ಟಿದಾಗ ಬೆಳವಣಿಗೆ ಶೇ. 30ರವರೆಗೂ ಕುಂಠಿತವಾಯಿತೆಂದು 2018ರಲ್ಲಿ ತಿಳಿಸಿದರು. ಗಟ್ಟಿಯಾಗಲು ಬಳಸಿದ ಶಕ್ತಿ ಬೆಳೆಯಲು ಸಿಗುವುದಿಲ್ಲ. ಆದ್ದರಿಂದ ಗಿಡವನ್ನು ಸದಾ ಮುಟ್ಟುತ್ತಿರುವುದೂ ಒಳ್ಳೆಯದಲ್ಲ. ಹಿತಮಿತವಾಗಿದ್ದರೆ ಲೇಸು.

ಗಾಳಿ ಕಾಣದ ಸಸಿ

ಈ ತಿಳಿವಳಿಕೆಯಿಂದ ನಮ್ಮ ಊರಿಗೆ ಪ್ರಯೋಜನವೇನು? ಮೆಣಸಿನಕಾಯಿ, ಟೊಮೇಟೊ ಸಸಿಗಳನ್ನು ಈಗ ನೆರಳು ಪರದೆಯ ಕೆಳಗೆ, ಪ್ಲಾಸ್ಟಿಕ್ ಟ್ರೇಗಳಲ್ಲಿ ಒತ್ತೊತ್ತಾಗಿ ಬೆಳೆಸುವುದು ಸಾಮಾನ್ಯ. ಬಿಸಿಲೂ ಗಾಳಿಯೂ ಅಲ್ಲಿ ಕಡಿಮೆ. ಸಸಿ ಬೇಗ ಉದ್ದವಾಗುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ. ಕಾಂಡದಲ್ಲಿ ಮಾತ್ರ ಕಸುವಿರುವುದಿಲ್ಲ. ಅದನ್ನು ನೇರವಾಗಿ ಹೊಲಕ್ಕೆ ಒಯ್ದು ನೆಟ್ಟರೆ ಮೊದಲ ಬಿರುಗಾಳಿಗೇ ಬಾಗುತ್ತದೆ. ಸಾಲ ಮಾಡಿ ಸಸಿ ಕೊಂಡ ರೈತನಿಗೆ ಇದು ಸಣ್ಣ ಪೆಟ್ಟಲ್ಲ. ನಾಟಿಗೆ ಐದಾರು ದಿನ ಮೊದಲು ಪರದೆ ಸರಿಸಿ, ನೀರು ಕಡಿಮೆ ಮಾಡಿ, ಸಸಿಯನ್ನು ಬಿಸಿಲು-ಗಾಳಿಗೆ ಒಡ್ಡಿ ಗಡುಸಾಗಿಸಬೇಕೆಂದು ತೋಟಗಾರಿಕೆ ತಜ್ಞರು ಹೇಳುವುದು ಇದಕ್ಕೇ. ಸಸಿಗಳ ತಲೆಯ ಮೇಲೆ ದಿನಕ್ಕೆ ಕೆಲವು ಬಾರಿ ಕೋಲನ್ನೋ ಬಟ್ಟೆಯನ್ನೋ ಹಗುರವಾಗಿ ಸವರಿ, ಔಷಧವಿಲ್ಲದೆ ಗಿಡ್ಡ ಮತ್ತು ಗಟ್ಟಿ ಸಸಿ ಪಡೆಯುವ ಕ್ರಮವನ್ನು ವಿದೇಶಗಳ ಹಸಿರುಮನೆಗಳಲ್ಲಿ ಪ್ರಯೋಗಿಸಿ ನೋಡಿದ್ದಾರೆ.

ಸಂಡೂರಿನ ಗುಡ್ಡಗಳ ಮಾತು ಇನ್ನೂ ಮುಖ್ಯ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಗಣಿಗಳು ಮತ್ತೆ ತೆರೆಯಬೇಕಾದರೆ ಹಾಳಾದ ನೆಲವನ್ನು ಸುಧಾರಿಸುವ ಯೋಜನೆ ಇರಬೇಕೆಂಬ ಷರತ್ತು ಬಂತು. ಅಗೆದು ಸುರಿದ ಮಣ್ಣಿನ ಬೋಳು ದಿಬ್ಬದ ಮೇಲೆ ನೆಡುವ ಸಸಿಗೆ ಗಾಳಿಯಿಂದ ಮರೆಯಿಲ್ಲ. ಅಲ್ಲಿ ಉಳಿಯಬೇಕಾದದ್ದು ಎತ್ತರದ ಸಸಿಯಲ್ಲ, ಗಟ್ಟಿ ಸಸಿ. ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ ನೆಡುವ ಗಿಡಕ್ಕೂ ಇದೇ ಮಾತು. ಆಸರೆಯ ಕೋಲು ಬೇಕಾದರೆ ಕೆಳಭಾಗದಲ್ಲಿ ಸಡಿಲವಾಗಿ ಕಟ್ಟಬೇಕು, ತಲೆ ತೂಗಲು ಬಿಡಬೇಕು, ಬೇರು ಹಿಡಿದ ಮೇಲೆ ಕೋಲು ತೆಗೆಯಬೇಕು.

ಹಾಗೆಂದು ಹೊಸಪೇಟೆಯ ಬಾಳೆ ಬೆಳೆಗಾರರು ಗೊನೆ ಬಂದ ಗಿಡಕ್ಕೆ ಕೊಡುವ ಊರುಗೋಲನ್ನು ತೆಗೆಯಬೇಕಿಲ್ಲ. ಬಾಳೆಯ ದಿಂಡು ಮರವಲ್ಲ, ಎಲೆಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡ ಕಟ್ಟು. ಗೊನೆಯ ಭಾರ ಹೊತ್ತು ಗಾಳಿಗೆ ನಿಲ್ಲುವುದು ಅದಕ್ಕೆ ಕಷ್ಟ. ಆದರೂ ಅದಕ್ಕೆ ತನ್ನದೇ ಉಪಾಯವುಂಟು: ಅಗಲವಾದ ಎಲೆ ಗಾಳಿಗೆ ಸೀಳಿಕೊಂಡು ಗಾಳಿಯನ್ನು ಸಂದಿನಿಂದ ಬಿಟ್ಟುಕೊಡುತ್ತದೆ.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಹತ್ತು ಡಬ್ಬಿಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ ಬೀನ್ಸ್ ಬೀಜ ಹಾಕಿ. ಮೊಳೆತು ಎರಡು ಎಲೆ ಬಂದ ಮೇಲೆ ಐದಕ್ಕೆ ಗುರುತು ಹಾಕಿ. ಗುರುತಿನ ಗಿಡಗಳ ಕಾಂಡವನ್ನು ಬೆಳಿಗ್ಗೆ ಹತ್ತು ಬಾರಿ, ಸಂಜೆ ಹತ್ತು ಬಾರಿ ಬೆರಳುಗಳ ನಡುವೆ ಮೃದುವಾಗಿ ಕೆಳಗಿನಿಂದ ಮೇಲಕ್ಕೆ ಸವರಿ. ಉಳಿದ ಐದನ್ನು ಮುಟ್ಟಬೇಡಿ. ನೀರು, ಬಿಸಿಲು ಎಲ್ಲಕ್ಕೂ ಸಮನಾಗಿರಲಿ. ಡಬ್ಬಿಗಳನ್ನು ಗಾಳಿ ಹೆಚ್ಚು ಬೀಸದ ಕಡೆ ಇಡಿ; ಇಲ್ಲದಿದ್ದರೆ ಮುಟ್ಟದ ಗಿಡವನ್ನು ಗಾಳಿಯೇ ಮುಟ್ಟಿಬಿಡುತ್ತದೆ! ಮೂರು ದಿನಕ್ಕೊಮ್ಮೆ ಎತ್ತರ ಅಳೆದು ಬರೆದಿಡಿ. ಕಾಂಡಕ್ಕೆ ದಾರ ಸುತ್ತಿ ದಪ್ಪವನ್ನೂ ಅಳೆಯಬಹುದು. ಮೂರು ವಾರಗಳ ಕೊನೆಗೆ ಎರಡೂ ಗುಂಪಿನ ಸರಾಸರಿ ತೆಗೆದು ಹೋಲಿಸಿ. ಫಲ ಪುಸ್ತಕದಂತೆಯೇ ಬರಬೇಕೆಂದಿಲ್ಲ. ಬಂದದ್ದನ್ನು ಬಂದಂತೆ ಬರೆಯುವುದೇ ವಿಜ್ಞಾನದ ಮೊದಲ ಪಾಠ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ನೈಟನ ಸೇಬಿನ ಗಿಡ ಆ ಗಾದೆಗೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ: ಎಳೆಯದರಲ್ಲಿ ಗಾಳಿಗೆ ಬಗ್ಗಿದ ಗಿಡವೇ ಮುಂದೆ ಗಾಳಿಗೆ ನಿಲ್ಲುವ ಮರ. ಬಿಗಿಯಾಗಿ ಕಟ್ಟಿದ ಕೋಲನ್ನು ಯಾವಾಗ ಸಡಿಲಿಸಬೇಕೆಂಬುದು, ತೋಟದವರಂತೆಯೇ ತಂದೆ-ತಾಯಂದಿರೂ ಯೋಚಿಸಬೇಕಾದ ಮಾತು.