ಸೀಸದ ಗುಂಡು, ತಾಮ್ರದ ಗುಂಡು ಮತ್ತು ಬಂಡೀಪುರದ ರಣಹದ್ದು

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವಾಗ ಬಂಡೀಪುರ ಬಂದೊಡನೆ ನಾವೆಲ್ಲ ಆನೆ, ಹುಲಿ ಕಾಣಬಹುದೆಂದು ರಸ್ತೆಯ ಎರಡೂ ಬದಿ ಕಣ್ಣಾಡಿಸುತ್ತೇವೆ. ತಲೆಯೆತ್ತಿ ಆಕಾಶ ನೋಡುವವರು ಕಡಿಮೆ. ಆದರೆ ಈ ಕಾಡಿನ ಒಂದು ಅಪೂರ್ವ ಸಂಪತ್ತು ಇರುವುದು ಆ ಆಕಾಶದಲ್ಲೇ. ಬಿಳಿಬೆನ್ನಿನ ರಣಹದ್ದು, ಉದ್ದಕೊಕ್ಕಿನ ರಣಹದ್ದು, ಕೆಂಪುತಲೆಯ ರಣಹದ್ದು ಈ ಮೂರೂ ದಕ್ಷಿಣ ಭಾರತದಲ್ಲಿ ಉಳಿದುಕೊಂಡಿರುವ ಕೆಲವೇ ನೆಲೆಗಳಲ್ಲಿ ಬಂಡೀಪುರ ಮತ್ತು ಅದರ ಅಂಚಿನ ಮೋಯಾರ್ ಕಣಿವೆ ಮುಖ್ಯವಾದವು. ಈ ಹಕ್ಕಿಗೂ ಬಂದೂಕಿನ ಗುಂಡಿಗೂ ಏನು ಸಂಬಂಧ? ಅದನ್ನು ತಿಳಿಯಲು ಗುಂಡಿನ ಕಥೆಯಿಂದಲೇ ಆರಂಭಿಸೋಣ.

ಚಾಮರಾಜನಗರದ ಹಳೆಯ ಬೇಟೆಗಾರ

1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಚಾಮರಾಜನಗರದ ಸಮೀಪದ ಹಳ್ಳಿಯೊಂದರಲ್ಲಿ ಬಿಡಾರ ಮಾಡಿಕೊಂಡಿದ್ದ. ನೀರಾವರಿ ಕಾಲುವೆಗಳ ಕೆಲಸಕ್ಕೆಂದು ಬಂದವನು ಕಾಡಿನ ಹುಚ್ಚು ಹತ್ತಿಸಿಕೊಂಡ. 1874ರಲ್ಲಿ ಇದೇ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದ. ತನ್ನ ಅನುಭವಗಳನ್ನು 1878ರಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಅವನ ಬಳಿ ‘ನಾಲ್ಕು ಬೋರ್’ ಬಂದೂಕು ಇತ್ತು. ಈ ‘ಬೋರ್’ ಎಂಬ ಮಾತಿನಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಒಂದು ಪೌಂಡ್ ಸೀಸವನ್ನು ಕರಗಿಸಿ ನಾಲ್ಕು ಸಮನಾದ ಉಂಡೆ ಮಾಡಿದರೆ, ಒಂದು ಉಂಡೆ ಸರಿಯಾಗಿ ಹಿಡಿಸುವ ನಳಿಗೆಯೇ ನಾಲ್ಕು ಬೋರ್. ಆ ಉಂಡೆಯ ತೂಕ ಸುಮಾರು 113 ಗ್ರಾಂ, ಅಡ್ಡಳತೆ ಸುಮಾರು 27 ಮಿಲಿಮೀಟರ್! ಇಂದಿನ ಹನ್ನೆರಡು ಬೋರ್ ಬಂದೂಕಿನ ಹೆಸರೂ ಇದೇ ಲೆಕ್ಕದಿಂದ ಬಂದದ್ದು. ಅಂದರೆ ಬಂದೂಕಿನ ಅಳತೆಯೇ ಸೀಸದ ಅಳತೆಯಾಗಿತ್ತು.

ಆ ಕಾಲದ ಬೇಟೆಗಾರರು ತೋಟಾಗಳನ್ನು ತಾವೇ ತುಂಬಿಕೊಳ್ಳುವುದು ಸಾಮಾನ್ಯವಾಗಿತ್ತು. ಬಿಡಾರದ ಒಲೆಯ ಮೇಲೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದರು. ದಪ್ಪ ಚರ್ಮದ ಪ್ರಾಣಿಗೆ ಗುಂಡು ಗಟ್ಟಿ ಇರಲೆಂದು ಸ್ವಲ್ಪ ತವರ ಬೆರೆಸುತ್ತಿದ್ದರು. ಸೀಸ ಕೇವಲ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೌದೆ ಒಲೆಯೇ ಸಾಕು. ತಾಮ್ರಕ್ಕೆ 1085 ಡಿಗ್ರಿ ಬೇಕು. ಸೀಸ ಗುಂಡಿನ ಲೋಹವಾದದ್ದಕ್ಕೆ ಇದು ಮೊದಲ ಕಾರಣ. ಅದರ ಸಾಂದ್ರತೆ ಹೆಚ್ಚು ಎಂಬುದು ಎರಡನೆಯದು. ಮೆತುವಾದ್ದರಿಂದ ನಳಿಗೆಯೊಳಗಿನ ತಿರುಚು ಗೀರುಗಳಿಗೆ ಸುಲಭವಾಗಿ ಒಗ್ಗಿಕೊಂಡು, ಬುಗುರಿಯಂತೆ ತಿರುಗುತ್ತ ಹೊರಬರುತ್ತದೆ ಎಂಬುದು ಮೂರನೆಯದು.

ತೋಟಾದ ನಾಲ್ಕು ಅಂಗಗಳು

ಆಧುನಿಕ ರೈಫಲ್ ತೋಟಾದಲ್ಲಿ ನಾಲ್ಕು ಅಂಗಗಳಿವೆ. ಹಿತ್ತಾಳೆಯ ಕೋಶ, ಅದರ ತಳದಲ್ಲಿ, ಪೆಟ್ಟು ಬಿದ್ದರೆ ಕಿಡಿಯಾಡುವ ಕೇಪು, ಒಳಗೆ ಹೊಗೆಯಿಲ್ಲದ ಮದ್ದು, ಬಾಯಲ್ಲಿ ಕೂರಿಸಿದ ಗುಂಡು. ಒಮ್ಮೆ ಹಾರಿಸಿದ ಮೇಲೆ ಕೇಪು, ಮದ್ದು, ಗುಂಡು ಮುಗಿದುಹೋಗುತ್ತವೆ. ಕೋಶ ಮಾತ್ರ ಉಳಿಯುತ್ತದೆ. ಅಮೆರಿಕ, ಯೂರೋಪುಗಳಲ್ಲಿ ಅನೇಕರು ಈ ಕೋಶವನ್ನು ಮತ್ತೆ ಸರಿಯಳತೆಗೆ ತಂದು, ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಇದು ಅಲ್ಲಿ ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ನಮಗೆ ಬೇಕಾದದ್ದು ಅದರ ವಿಜ್ಞಾನ ಮಾತ್ರ.

ಮದ್ದು ಉರಿದಾಗ ಕೋಶದಲ್ಲಿ ಉಂಟಾಗುವ ಒತ್ತಡ ಎಷ್ಟು? 1906ರಲ್ಲಿ ಬಳಕೆಗೆ ಬಂದ .30-06 ಎಂಬ ಪ್ರಸಿದ್ಧ ತೋಟಾಕ್ಕೆ ನಿಗದಿಯಾದ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು ನಾಲ್ಕು ಸಾವಿರ ಪಟ್ಟು. ಈ ಬಲದಿಂದ ಗುಂಡು ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗ ಪಡೆಯುತ್ತದೆ. ಅಂಥ ವೇಗದಲ್ಲಿ ಬರಿ ಸೀಸ ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕಾಗಿ 1880ರ ದಶಕದಿಂದ ಸೀಸಕ್ಕೆ ತಾಮ್ರದ ತೆಳು ಅಂಗಿ ತೊಡಿಸುವ ಕ್ರಮ ಬಂತು. ಒಳಗೆ ಸೀಸ, ಹೊರಗೆ ತಾಮ್ರ. ಬೇಟೆಯ ಗುಂಡಿನಲ್ಲಿ ಮೂತಿಯ ಬಳಿ ಈ ಅಂಗಿಯನ್ನು ತೆರೆದಿಟ್ಟಿರುತ್ತಾರೆ, ಪ್ರಾಣಿಗೆ ತಗಲಿದಾಗ ಅಣಬೆಯಂತೆ ಅರಳಲೆಂದು.

ತೊಂದರೆ ಶುರುವಾಗುವುದು ಇಲ್ಲೇ. ಅರಳುವಾಗ ಮೆತು ಸೀಸ ಚೂರುಚೂರಾಗಿ ಸಿಡಿಯುತ್ತದೆ. ಸತ್ತ ಜಿಂಕೆಗಳನ್ನು ಎಕ್ಸ್-ರೇ ತೆಗೆದು ನೋಡಿದ ಸಂಶೋಧಕರಿಗೆ ಗಾಯದ ದಾರಿಯಿಂದ ಬಹುದೂರದವರೆಗೂ ಹರಡಿದ, ಕೆಲವೊಮ್ಮೆ ನೂರಾರು ಸಂಖ್ಯೆಯ ಸೀಸದ ಕಣಗಳು ಕಂಡಿವೆ. ಅನೇಕವು ಮರಳಿನ ಕಾಳಿಗಿಂತ ಚಿಕ್ಕವು. ಬೇಟೆಗಾರ ಬಿಟ್ಟುಹೋದ ಕರುಳು, ಗುಂಡು ತಿಂದು ತಪ್ಪಿಸಿಕೊಂಡು ಪೊದೆಯಲ್ಲಿ ಸತ್ತ ಪ್ರಾಣಿ, ಇವೆಲ್ಲ ಹದ್ದುಗಳ ಆಹಾರ.

ಹದ್ದಿನ ಹೊಟ್ಟೆಯಲ್ಲಿ

ರಣಹದ್ದಿನ ಜಠರರಸ ಅತಿ ತೀವ್ರ ಆಮ್ಲ. ಕೊಳೆತ ಮಾಂಸದ ರೋಗಾಣುಗಳನ್ನು ಅದು ಸುಟ್ಟುಹಾಕುತ್ತದೆ. ಆದರೆ ಕಾಡನ್ನು ಶುಚಿಯಾಗಿಡುವ ಈ ವರವೇ ಸೀಸದ ವಿಷಯದಲ್ಲಿ ಶಾಪ. ಆಮ್ಲದಲ್ಲಿ ಸೀಸದ ಕಣ ಕರಗಿ ರಕ್ತ ಸೇರುತ್ತದೆ. ಸೀಸದ ಅಯಾನು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ನರಗಳಿಗೂ ಮೂಳೆಗಳಿಗೂ ನುಗ್ಗುತ್ತದೆ. ಹಿಮೋಗ್ಲೋಬಿನ್ ತಯಾರಾಗುವ ಕೆಲಸವನ್ನು ತಡೆಯುತ್ತದೆ. ಅನ್ನಚೀಲದ ಸ್ನಾಯುಗಳು ಸೋಲುತ್ತವೆ. ಕೊನೆಗೆ ಹಕ್ಕಿ, ತಿಂದ ಆಹಾರ ಕೆಳಗಿಳಿಯದೆ ಹಸಿವಿನಿಂದಲೇ ಸಾಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ಹದ್ದಿನ ಸಂಖ್ಯೆ 1982ರಲ್ಲಿ 22ಕ್ಕೆ ಇಳಿಯಿತು. 1987ರ ಹೊತ್ತಿಗೆ ಉಳಿದವನ್ನೆಲ್ಲ ಹಿಡಿದು ಸಾಕಿ, ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟ ಹಕ್ಕಿಗಳನ್ನು ಕೊಂದ ಕಾರಣಗಳಲ್ಲಿ ಸೀಸವೇ ಮೊದಲನೆಯದಾಯಿತು. ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಲ್ಲಿ ರೈಫಲ್ ಬೇಟೆಗೂ ಇದೇ ನಿಯಮ ತಂದಿತು. ಹಾಗಾದರೆ ಬದಲಿ ಯಾವುದು?

ಒಂದು ಚಿಕ್ಕ ಲೆಕ್ಕ

ಬದಲಿ ಎಂದರೆ ಗಟ್ಟಿ ತಾಮ್ರದ ಗುಂಡು. 1989ರಲ್ಲಿ ಅಮೆರಿಕದ ಬಾರ್ನ್ಸ್ ಕಂಪನಿ ಇಂಥದೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಹೆಸರಾಯಿತು. ಮೂತಿಯಲ್ಲಿ ಸಣ್ಣ ಟೊಳ್ಳು ಇರುತ್ತದೆ. ಪ್ರಾಣಿಗೆ ತಗಲಿದಾಗ ಅದು ನಾಲ್ಕು ಎಸಳಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆದರೆ ಸಾಮಾನ್ಯವಾಗಿ ಸಿಡಿದು ಚೂರಾಗುವುದಿಲ್ಲ. ಬಹುಪಾಲು ತೂಕ ಒಂದೇ ತುಂಡಾಗಿ ಉಳಿಯುತ್ತದೆ.

ಸೀಸದ ಬದಲು ತಾಮ್ರ ಹಾಕಿದರೆ ಮುಗಿಯಿತೆ? ಇಲ್ಲ. ಸೀಸದ ಸಾಂದ್ರತೆ 11.34, ತಾಮ್ರದ್ದು 8.96. 10 ಗ್ರಾಂ ಸೀಸ ಸುಮಾರು 0.88 ಘನ ಸೆಂಟಿಮೀಟರ್ ಜಾಗ ಹಿಡಿದರೆ, 10 ಗ್ರಾಂ ತಾಮ್ರ 1.12 ಹಿಡಿಯುತ್ತದೆ. ನಳಿಗೆ ಅದೇ ಆದ್ದರಿಂದ ಗುಂಡಿನ ದಪ್ಪ ಬದಲಾಗುವಂತಿಲ್ಲ. 7.8 ಮಿಲಿಮೀಟರ್ ದಪ್ಪದ ಸಿಲಿಂಡರ್ ಎಂದಿಟ್ಟುಕೊಂಡರೆ ಸೀಸದ ಉದ್ದ 18 ಮಿಲಿಮೀಟರ್, ತಾಮ್ರದ ಉದ್ದ 23 ಮಿಲಿಮೀಟರ್. ನೀವೂ ಲೆಕ್ಕ ಹಾಕಿ ನೋಡಿ.

ಈ ಐದು ಮಿಲಿಮೀಟರ್‌ನಿಂದ ಎರಡು ಪರಿಣಾಮಗಳು. ಮೊದಲನೆಯದು, ಉದ್ದ ಗುಂಡು ಗಾಳಿಯಲ್ಲಿ ಬೇಗ ಪಲ್ಟಿ ಹೊಡೆಯುತ್ತದೆ. ಅದನ್ನು ನೆಟ್ಟಗಿಡಲು ಹೆಚ್ಚು ವೇಗದ ತಿರುಗುವಿಕೆ ಬೇಕು, ಅಂದರೆ ನಳಿಗೆಯ ಗೀರುಗಳ ತಿರುಚು ಹೆಚ್ಚಿರಬೇಕು. ಗುಂಡಿನ ಉದ್ದಕ್ಕೂ ತಿರುಚಿಗೂ ಇರುವ ಸಂಬಂಧವನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲೇ ಸೂತ್ರಕ್ಕಿಳಿಸಿದ್ದ. ಎರಡನೆಯದು, ಹೆಚ್ಚುವರಿ ಉದ್ದ ಕೋಶದೊಳಕ್ಕೆ ಇಳಿದು ಮದ್ದಿನ ಜಾಗವನ್ನು ಕಬಳಿಸುತ್ತದೆ. ಜಾಗ ಕಿರಿದಾದರೆ ಒತ್ತಡ ಏರುತ್ತದೆ. ಜೊತೆಗೆ ತಾಮ್ರ ಸೀಸದಷ್ಟು ಮೆತುವಲ್ಲ, ಗೀರುಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಈ ಘರ್ಷಣೆ ತಗ್ಗಿಸಲೆಂದೇ ಈಗಿನ ತಾಮ್ರದ ಗುಂಡುಗಳ ಮೈಸುತ್ತ ಉಂಗುರದಂಥ ಕಾಲುವೆಗಳನ್ನು ಕೊರೆಯುತ್ತಾರೆ. ಸೀಸದ ಗುಂಡಿಗೆ ಹೊಂದುವ ಮದ್ದಿನ ಅಳತೆಯನ್ನೇ ತಾಮ್ರಕ್ಕೂ ಹಾಕಿದರೆ ಬಂದೂಕೇ ಒಡೆದು ಹಾರಿಸುವವನ ಕೈ ಹೋಗಬಹುದು. ಅನುಭವಿಗಳು ಸಹ ಪ್ರತಿ ಗುಂಡಿಗೂ ತಯಾರಕರು ಪರೀಕ್ಷಿಸಿ ಕೊಟ್ಟ ಕೋಷ್ಟಕವನ್ನೇ ಪಾಲಿಸುವುದು ಇದಕ್ಕಾಗಿ. ತಾಮ್ರಕ್ಕೆ ಇನ್ನೂ ಒಂದು ಮಿತಿಯುಂಟು: ವೇಗ ತೀರ ಇಳಿದರೆ ಎಸಳುಗಳು ಅರಳುವುದಿಲ್ಲ.

ನಮಗೇಕೆ ಈ ವಿಚಾರ?

ನಮ್ಮಲ್ಲಿ ಬೇಟೆಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಮೈಸೂರು ಅರಸರ ಬೇಟೆಯ ನೆಲವಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಆದರೂ ಕಾಡಂಚಿನಲ್ಲಿ ಕದ್ದು ಹಾರಿಸುವ ನಾಡಬಂದೂಕು ಪೂರ್ತಿ ಮೌನವಾಗಿಲ್ಲ. ಅದರಲ್ಲಿ ತುಂಬುವುದು ಸಾಮಾನ್ಯವಾಗಿ ಸೀಸದ ಚರೆ. ಬೆಳೆಗೆ ಬಂದ ಹಂದಿ ಪೆಟ್ಟು ತಿಂದು ಕಾಡಿನೊಳಕ್ಕೆ ಓಡಿ ಸತ್ತರೆ ಸೀಸವೂ ಅದರೊಂದಿಗೆ ಹೋಗುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜವಾದದ್ದೇ. ಅದಕ್ಕೆ ಪರಿಹಾರ ಕೇಳುವುದು ಅವನ ಹಕ್ಕು. ಆದರೆ ಹೆಣದೊಳಗೆ ಸೇರಿದ ವಿಷ ತಿನ್ನುವವರಾರೆಂದು ನೋಡುವುದಿಲ್ಲ.

ಇದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿಗಳಿವೆ. ದನಗಳಿಗೆ ನೋವು ನಿವಾರಣೆಗೆಂದು ಕೊಟ್ಟ ಡೈಕ್ಲೋಫೆನ್ಯಾಕ್ ಔಷಧ, ಅವು ಸತ್ತ ಮೇಲೆ ಹೆಣದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಉಳಿದವು. 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧವನ್ನು ನಿಷೇಧಿಸಲಾಯಿತು. ಇನ್ನು 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಹೆಣ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಔಷಧ, ಕೀಟನಾಶಕ, ಸೀಸ: ವಸ್ತು ಬೇರೆ, ಹಾದಿ ಒಂದೇ.

ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಗೂಡು ಕಟ್ಟಲು ಹಲವು ವರ್ಷ ಬೇಕು. ಮೋಯಾರ್ ದಂಡೆಯ ಹೊಳೆಮತ್ತಿ ಮರಗಳ ಮೇಲಿನ ಗೂಡುಗಳಲ್ಲಿ ಒಂದು ಜೋಡಿ ಕಳೆದುಹೋದರೆ ಅದನ್ನು ತುಂಬಲು ಅಷ್ಟೂ ವರ್ಷ ಕಾಯಬೇಕು. ಮುಂದಿನ ಸಲ ಬಂಡೀಪುರಕ್ಕೆ ಹೋದಾಗ, ವಿದ್ಯಾರ್ಥಿ ಮಿತ್ರರೇ, ಸ್ವಲ್ಪ ಹೊತ್ತು ಆಕಾಶವನ್ನೂ ನೋಡಿ. ಅಗಲ ರೆಕ್ಕೆ ಬಿಡಿಸಿ ನಿಧಾನವಾಗಿ ಸುತ್ತುವ ಹಕ್ಕಿ ಕಂಡರೆ ಎಣಿಸಿ, ದಿನಾಂಕದೊಂದಿಗೆ ಬರೆದಿಡಿ. ಊರಿನಲ್ಲಿ ಸತ್ತ ದನವನ್ನು ಏನು ಮಾಡುತ್ತಾರೆ, ಅದಕ್ಕೆ ಕೊನೆಯಲ್ಲಿ ಯಾವ ಔಷಧ ಕೊಟ್ಟಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ.